ಇನ್ಸುಲಿನ್ ನಿಲ್ಲಿಸಿದ ಮೇಲೆ ಬೆಕ್ಕಿನ ಶುಗರ್ ಎಷ್ಟು ಸಲ ನೋಡಬೇಕು?

ಓದುಗರ ಪ್ರಶ್ನೆ: ನಾವು ಮಂಡ್ಯದವರು. ನಮ್ಮ ಗುಂಡನಿಗೆ ಹತ್ತು ವರ್ಷ. ಗಂಡು ಬೆಕ್ಕು, ಮರಿಯಾಗದಂತೆ ಆಪರೇಷನ್ ಆಗಿದೆ. ಕಳೆದ ವರ್ಷ ಸಕ್ಕರೆ ಕಾಯಿಲೆ ಅಂತ ಗೊತ್ತಾಯಿತು. ದಿನಕ್ಕೆ ಎರಡು ಸಲ ಗ್ಲಾರ್ಜಿನ್ ಇನ್ಸುಲಿನ್ ಕೊಡುತ್ತಿದ್ದೆವು. ಊಟ ಬದಲಾಯಿಸಿದ ಮೇಲೆ ಡಾಕ್ಟರು ಡೋಸ್ ಇಳಿಸುತ್ತಾ ಬಂದು, ಐದು ವಾರದ ಹಿಂದೆ ಪೂರ್ತಿ ನಿಲ್ಲಿಸಿದರು. ಮನೆಯಲ್ಲಿ ನಮ್ಮ ಮಾವನವರ ಗ್ಲೂಕೋಮೀಟರ್‌ನಲ್ಲೇ ನೋಡುತ್ತೇನೆ. 68ರಿಂದ 96ರ ನಡುವೆ ಬರುತ್ತದೆ. ಆದರೆ ಹೋದ ವಾರ ಲಸಿಕೆಗೆಂದು ಮೈಸೂರಿಗೆ ಕರೆದುಕೊಂಡು ಹೋದಾಗ ಅಲ್ಲಿ 264 ತೋರಿಸಿತು. ಮತ್ತೆ ಇನ್ಸುಲಿನ್ ಶುರು ಮಾಡಬೇಕಾಗಬಹುದು ಅಂದರು. ಮನೆಗೆ ಬಂದ ಮೇಲೆ ಪುನಃ 80, 90ರಲ್ಲೇ ಇದೆ. ಆದರೂ ಭಯಕ್ಕೆ ದಿನಾ ಮೂರು ಸಲ ಚುಚ್ಚುತ್ತಿದ್ದೇನೆ. ಕಿವಿಯ ಅಂಚೆಲ್ಲ ಹಕ್ಕಳೆಗಟ್ಟಿದೆ. ಅತ್ತೆ ‘ವಾಸಿಯಾಗಿದೆ ಬಿಡು, ಪಾಪ ಅದರ ಕಿವಿ ಯಾಕೆ ತೂತು ಮಾಡ್ತೀಯ’ ಅಂತ ಬೈಯುತ್ತಾರೆ. ಯಾವ ರೀಡಿಂಗ್ ನಂಬಬೇಕು? ಇನ್ನೆಷ್ಟು ದಿನ ಹೀಗೆ ನೋಡಬೇಕು?

ಉತ್ತರ: ಮೊದಲು ನಿಮ್ಮ ಭಯದ ಮಾತು. ಆ 264 ಒಂದನ್ನೇ ನೋಡಿ ಇನ್ಸುಲಿನ್ ಶುರು ಮಾಡಬೇಡಿ. ಮನೆಯ ರೀಡಿಂಗ್ ಅವತ್ತಿನ ಮುಂಚೆಯೂ ಚೆನ್ನಾಗಿತ್ತು, ಆಮೇಲೂ ಚೆನ್ನಾಗಿದೆ. ನಡುವೆ ಒಂದೇ ಒಂದು ಸಲ ಏರಿದೆ, ಅದೂ ಆಸ್ಪತ್ರೆಯಲ್ಲಿ. ಬೆಕ್ಕುಗಳಲ್ಲಿ ಇದು ದಿನಾ ನೋಡುವ ಸಂಗತಿ. ಇಲ್ಲಿ ಸಿಕ್ಕಾಪಟ್ಟೆ ಜನ ತಪ್ಪು ದಾರಿ ಹಿಡಿಯುತ್ತಾರೆ ಅಂತಲೇ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಬೆಕ್ಕಿಗೆ ಹೆದರಿಕೆಯಾದರೆ ಅಡ್ರಿನಲಿನ್, ಕಾರ್ಟಿಸಾಲ್ ಎರಡೂ ಏರುತ್ತವೆ. ಓಡಲು, ಕಚ್ಚಾಡಲು ಬೇಕಾದ ಶಕ್ತಿಗೆಂದು ಲಿವರ್ ಸಕ್ಕರೆಯನ್ನು ರಕ್ತಕ್ಕೆ ಬಿಡುತ್ತದೆ. ಇದು ಎಲ್ಲ ಪ್ರಾಣಿಗಳಲ್ಲೂ ಇದೆ, ಆದರೆ ಬೆಕ್ಕಿನಲ್ಲಿ ಅತಿ. ಸಕ್ಕರೆ ಕಾಯಿಲೆಯೇ ಇಲ್ಲದ, ಗಟ್ಟಿಮುಟ್ಟಾದ ಬೆಕ್ಕಿನ ಶುಗರ್ ಕೂಡ ಆಸ್ಪತ್ರೆಯ ಮೇಜಿನ ಮೇಲೆ 200, 300 ತಲುಪಬಹುದು. ಗುಂಡನ ಅವತ್ತಿನ ಬೆಳಗ್ಗೆ ಹೇಗಿತ್ತು ಯೋಚಿಸಿ. ಬುಟ್ಟಿಗೆ ತುಂಬಿದಿರಿ. ಮಂಡ್ಯದಿಂದ ಮೈಸೂರಿಗೆ ನಲವತ್ತೈದು ಕಿಲೋಮೀಟರ್ ಗಾಡಿಯ ಸದ್ದು. ಆಮೇಲೆ ನಾಯಿಗಳು ಬೊಗಳುವ ಹಾಲ್‌ನಲ್ಲಿ ಕಾದಿರಿ. ಕೊನೆಗೆ ಗೊತ್ತಿಲ್ಲದ ಒಬ್ಬರು ಹಿಡಿದು ಚುಚ್ಚಿದರು. 264 ಬರದಿದ್ದರೆ ನನಗೆ ಆಶ್ಚರ್ಯ ಆಗುತ್ತಿತ್ತು.

ಹಾಗಂತ ನಿಮ್ಮ ಡಾಕ್ಟರು ತಪ್ಪು ಮಾತಾಡಿದರು ಅಂತ ನಾನು ಹೇಳುತ್ತಿಲ್ಲ. ಅವರ ಮುಂದೆ ಇದ್ದದ್ದು ಒಂದು ಹಳೆ ಫೈಲು, ಒಂದು ಹೊಸ ಅಂಕಿ. ಮನೆಯ ರೀಡಿಂಗ್ ಬರೆದ ಪುಸ್ತಕ ತೋರಿಸಿದ್ದರೆ ಮಾತೇ ಬೇರೆಯಾಗುತ್ತಿತ್ತು. ಅನುಮಾನ ಪೂರ್ತಿ ಹೋಗಬೇಕಿದ್ದರೆ ಫ್ರಕ್ಟೋಸಮೈನ್ ಅನ್ನುವ ರಕ್ತಪರೀಕ್ಷೆ ಮಾಡಿಸಿ. ಅದು ಹಿಂದಿನ ಒಂದೆರಡು ಮೂರು ವಾರಗಳ ಸರಾಸರಿ ಶುಗರ್ ಹೇಗಿತ್ತು ಅಂತ ಹೇಳುತ್ತದೆ. ಅರ್ಧ ಗಂಟೆಯ ಹೆದರಿಕೆಗೆ ಅದು ಅಲುಗಾಡುವುದಿಲ್ಲ. ಮನುಷ್ಯರಿಗೆ ಮಾಡಿಸುವ ಎಚ್‌ಬಿಎ1ಸಿ, ಅಂದರೆ ಕೆಂಪು ರಕ್ತಕಣಕ್ಕೆ ಅಂಟಿದ ಸಕ್ಕರೆ ನೋಡಿ ಕೆಲವು ತಿಂಗಳ ಸರಾಸರಿ ಹೇಳುವ ಪರೀಕ್ಷೆ, ಮಾಡಿಸಬಹುದಾ ಅಂತ ಹಲವರು ಕೇಳುತ್ತಾರೆ. ಬೇಡ. ಮನುಷ್ಯರ ಲ್ಯಾಬ್ ಕಿಟ್ ಬೆಕ್ಕಿನ ರಕ್ತಕ್ಕೆ ತಯಾರಾದದ್ದಲ್ಲ. ಬೆಕ್ಕಿನ ಕೆಂಪು ರಕ್ತಕಣ ಬದುಕುವುದೂ ಎಪ್ಪತ್ತು ದಿನದ ಆಸುಪಾಸು, ನಮ್ಮದು 120 ದಿನ. ಲೆಕ್ಕ ಕೂಡುವುದಿಲ್ಲ.

ಇನ್ನು ನಿಮ್ಮ ಮಾವನವರ ಗ್ಲೂಕೋಮೀಟರ್. ಅದರಲ್ಲೇ ನೋಡುವುದು ಅಪರಾಧ ಅಲ್ಲ, ನಮ್ಮ ಕಡೆ ಬಹಳ ಜನ ಹಾಗೇ ಮಾಡುತ್ತಾರೆ. ಆದರೆ ಒಂದು ವಿಷಯ ತಿಳಿದಿರಲಿ. ಮನುಷ್ಯರ ರಕ್ತದಲ್ಲಿ ಸಕ್ಕರೆ ಕೆಂಪುಕಣದಲ್ಲೂ ನೀರಿನ ಅಂಶದಲ್ಲೂ ಹಂಚಿಕೊಂಡಿರುತ್ತದೆ. ಬೆಕ್ಕಿನಲ್ಲಿ ಹೆಚ್ಚಿನ ಪಾಲು ಪ್ಲಾಸ್ಮಾದಲ್ಲೇ ಇರುತ್ತದೆ. ಮನುಷ್ಯರ ಮೀಟರ್ ತನ್ನ ಲೆಕ್ಕದಲ್ಲೇ ಹೋಗುವುದರಿಂದ ಬೆಕ್ಕಿನ ಶುಗರ್ ಅನ್ನು ಸಾಮಾನ್ಯವಾಗಿ ನಿಜಕ್ಕಿಂತ ಕಡಿಮೆ ತೋರಿಸುತ್ತದೆ. ಆಲ್ಫಾಟ್ರ್ಯಾಕ್‌ನಂಥ ಪ್ರಾಣಿಗಳ ಮೀಟರ್‌ನಲ್ಲಿ ಬೆಕ್ಕಿಗೆ ಬೇರೆ, ನಾಯಿಗೆ ಬೇರೆ ಸೆಟ್ಟಿಂಗ್ ಇರುತ್ತದೆ. ಅದರ ಸ್ಟ್ರಿಪ್ ದುಬಾರಿ.

ಹಾಗಾದರೆ ಮನುಷ್ಯರ ಮೀಟರ್ ರೀಡಿಂಗ್‌ಗೆ ಇಂತಿಷ್ಟು ಸೇರಿಸಿ ಓದೋಣ ಅಂದರೆ ಆಗಲ್ಲ. ವ್ಯತ್ಯಾಸ ಒಂದೊಂದು ಕಂಪನಿಗೆ ಒಂದೊಂದು, ಶುಗರ್ ಏರಿದಂತೆ ವ್ಯತ್ಯಾಸವೂ ಬದಲಾಗುತ್ತದೆ. ನೀವು ಮಾಡಬೇಕಾದ್ದು ಇಷ್ಟೇ. ಒಂದೇ ಮೀಟರ್‌ಗೆ ಅಂಟಿಕೊಳ್ಳಿ. ಮುಂದಿನ ಸಲ ಆಸ್ಪತ್ರೆಗೆ ಹೋದಾಗ ಅದನ್ನೂ ತೆಗೆದುಕೊಂಡು ಹೋಗಿ. ಡಾಕ್ಟರು ರಕ್ತ ತೆಗೆದಾಗ ಅದೇ ರಕ್ತದ ಒಂದು ಹನಿಯನ್ನು ನಿಮ್ಮ ಮೀಟರ್‌ಗೂ ಹಾಕಿ, ಎರಡೂ ರೀಡಿಂಗ್ ಪಕ್ಕಪಕ್ಕ ಬರೆದಿಡಿ. ನಿಮ್ಮ ಮೀಟರ್ ಎಷ್ಟು ಸುಳ್ಳು ಹೇಳುತ್ತದೆ ಅಂತ ಆಗ ಅಂದಾಜು ಸಿಗುತ್ತದೆ. ಇನ್ನೊಂದು ಮಾತು. ಹೊರದೇಶದವರು ಬರೆದದ್ದನ್ನು ಓದುವಾಗ 5.2, 6.8 ಅಂತ ಪುಟ್ಟ ಪುಟ್ಟ ಅಂಕಿ ನೋಡಿ ಗಾಬರಿಯಾಗಬೇಡಿ. ಅದು ಬೇರೆ ಅಳತೆ. 18ರಿಂದ ಗುಣಿಸಿದರೆ ನಮ್ಮ ಲೆಕ್ಕ ಬರುತ್ತದೆ.

ಈಗ ಅತ್ತೆಯವರ ಮಾತಿಗೆ ಬರುತ್ತೇನೆ. ಕಿವಿಯ ವಿಷಯದಲ್ಲಿ ಅವರು ಹೇಳಿದ್ದು ಸರಿ. ದಿನಕ್ಕೆ ಮೂರು ಸಲ ಖಂಡಿತ ಜಾಸ್ತಿ. ‘ವಾಸಿಯಾಗಿದೆ’ ಅನ್ನುವುದು ಮಾತ್ರ ಅರ್ಧ ಸರಿ.

ಬೆಕ್ಕಿನ ಸಕ್ಕರೆ ಕಾಯಿಲೆ ಹೆಚ್ಚಾಗಿ ನಮ್ಮ ಟೈಪ್ 2 ಇದ್ದ ಹಾಗೆ. ಮೈ ತೂಕ ಜಾಸ್ತಿ, ಓಡಾಟ ಕಡಿಮೆ, ಇನ್ಸುಲಿನ್ ಇದ್ದರೂ ದೇಹ ಅದರ ಮಾತು ಕೇಳುವುದಿಲ್ಲ. ಆಪರೇಷನ್ ಆದ ಗಂಡು ಬೆಕ್ಕುಗಳಲ್ಲಿ ಇದು ಹೆಚ್ಚು. ಇನ್ಸುಲಿನ್ ತಯಾರಿಸುವ ಬೀಟಾ ಕಣಗಳು ದುಡಿದು ದುಡಿದು ಸುಸ್ತಾಗುತ್ತವೆ. ರಕ್ತದಲ್ಲಿ ಸಕ್ಕರೆ ಏರಿದ್ದೇ ಆ ಕಣಗಳಿಗೆ ವಿಷ. ಆಗ ಹೊರಗಿನಿಂದ ಇನ್ಸುಲಿನ್ ಕೊಟ್ಟು, ಪಿಷ್ಟದ ಊಟ ನಿಲ್ಲಿಸಿ ಸಕ್ಕರೆ ಇಳಿಸಿದರೆ ಆ ಕಣಗಳಿಗೆ ವಿಶ್ರಾಂತಿ. ಕಬ್ಬಿನ ಗಾಡಿ ಎಳೆದು ಬಿದ್ದ ಎತ್ತಿಗೆ ನೊಗ ಇಳಿಸಿ ಮೇವು ಹಾಕಿದರೆ ಚೇತರಿಸಿಕೊಳ್ಳುತ್ತದಲ್ಲ, ಹಾಗೆ. ಎದ್ದು ನಿಂತಿತು ಅಂತ ಮಾರನೇ ದಿನ ಪೂರ್ತಿ ಲೋಡು ಹೇರಿದರೆ ಪುನಃ ಬೀಳುತ್ತದೆ.

ಇನ್ಸುಲಿನ್ ಇಲ್ಲದೆ ನಾಲ್ಕು ವಾರ ಶುಗರ್ ನಾರ್ಮಲ್ ಇದ್ದರೆ ಅದನ್ನು ನಾವು ರಿಮಿಷನ್ ಅನ್ನುತ್ತೇವೆ. ಗುಂಡ ಆ ಗೆರೆ ದಾಟಿದ್ದಾನೆ. ಒಳ್ಳೆಯ ಸುದ್ದಿ. ಆದರೆ ರಿಮಿಷನ್‌ಗೆ ಬಂದ ಬೆಕ್ಕುಗಳಲ್ಲಿ ಮೂರಕ್ಕೋ ನಾಲ್ಕಕ್ಕೋ ಒಂದಕ್ಕೆ ಕಾಯಿಲೆ ಮರಳುತ್ತದೆ. ಕೆಲವಕ್ಕೆ ಕೆಲವೇ ತಿಂಗಳಲ್ಲಿ, ಕೆಲವಕ್ಕೆ ವರ್ಷಗಳಾದ ಮೇಲೆ. ಬೇಗ ಕಂಡುಹಿಡಿದರೆ ಇನ್ನೊಂದು ಸಲ ರಿಮಿಷನ್ ಸಿಗುವ ಅವಕಾಶ ಉಂಟು, ಮೊದಲ ಸಲದಷ್ಟು ಸುಲಭ ಅಲ್ಲ ಅಷ್ಟೇ. ತಡವಾದಷ್ಟೂ ಆ ಅವಕಾಶ ಕಡಿಮೆ. ಶುಗರ್ ನೋಡುತ್ತಾ ಇರಿ ಅಂತ ನಾವು ತಲೆ ತಿನ್ನುವುದು ಇದಕ್ಕೇ.

ಎಷ್ಟು ಸಲ ನೋಡಬೇಕು? ಇನ್ಸುಲಿನ್ ನಿಲ್ಲಿಸಿದ ಮೊದಲ ಎರಡು ವಾರ ದಿನಾ ಅಥವಾ ದಿನ ಬಿಟ್ಟು ದಿನ ನೋಡುವುದು ಒಳ್ಳೆಯದು. ಗ್ಲಾರ್ಜಿನ್‌ನಂಥ ನಿಧಾನದ ಇನ್ಸುಲಿನ್‌ನ ಪ್ರಭಾವ ನಿಲ್ಲಿಸಿದ ಮೇಲೂ ಕೆಲವು ದಿನ ಎಳೆಯುತ್ತದೆ. ಹಾಗಾಗಿ ಮೊದಲ ಮೂರು ನಾಲ್ಕು ದಿನದ ಒಳ್ಳೆ ರೀಡಿಂಗ್ ನೋಡಿ ಹಬ್ಬ ಮಾಡುವ ಹಾಗಿಲ್ಲ. ನೀವು ಆ ಹಂತ ದಾಟಿಯಾಗಿದೆ. ಈಗ ವಾರಕ್ಕೆ ಒಂದು ಸಲ ಸಾಕು. ಬೇಕಿದ್ದರೆ ವಾರಕ್ಕೆ ಎರಡು. ಒಂದೆರಡು ತಿಂಗಳು ಹೀಗೆ ಹೋಗಲಿ. ಏರುಪೇರಿಲ್ಲ ಅಂದರೆ ಹದಿನೈದು ದಿನಕ್ಕೆ ಒಂದು. ಆರು ತಿಂಗಳ ಮೇಲೆ ತಿಂಗಳಿಗೆ ಒಂದು. ಆಮೇಲೆ ಅದನ್ನು ನಿಲ್ಲಿಸಬೇಡಿ. ಗುಂಡ ಇರುವ ತನಕ ತಿಂಗಳಿಗೊಂದು ಹನಿ ರಕ್ತ. ಇದು ಕಲ್ಲಿನ ಮೇಲೆ ಕೊರೆದ ನಿಯಮ ಅಲ್ಲ. ನಿಮ್ಮ ಡಾಕ್ಟರು ಸ್ವಲ್ಪ ಬೇರೆ ಥರ ಹೇಳಿದರೆ ಅವರ ಮಾತೇ ನಡೆಯಲಿ.

ನೋಡುವ ಹೊತ್ತು ಒಂದೇ ಇರಲಿ. ಬೆಳಗಿನ ಊಟದ ಮುಂಚೆ ಒಳ್ಳೆಯದು, ಮನೆ ಇನ್ನೂ ಗದ್ದಲಕ್ಕೆ ಬಿದ್ದಿರುವುದಿಲ್ಲ. ಮಿಕ್ಸಿ ಓಡುವಾಗ, ಬಂದ ನೆಂಟರು ಹಾಲ್‌ನಲ್ಲಿ ಕೂತಿರುವಾಗ ಚುಚ್ಚಬೇಡಿ. ಮೈಸೂರಿನಲ್ಲಿ ಅರಮನೆಯ ಸುತ್ತಮುತ್ತ ಇರುವ ಓದುಗರಿಗೂ ಒಂದು ಮಾತು. ಜಂಬೂಸವಾರಿಯ ಕುಶಾಲತೋಪು ಹಾರಿದ ದಿನ, ದೀಪಾವಳಿಯ ಪಟಾಕಿಯ ರಾತ್ರಿ ಬೆಕ್ಕಿನ ಶುಗರ್ ನೋಡಿ ಏನೂ ಪ್ರಯೋಜನ ಇಲ್ಲ. ಎರಡು ದಿನ ಬಿಟ್ಟು ನೋಡಿ.

ಅಂಕಿಗಳನ್ನು ಹೇಗೆ ಓದಬೇಕು? ಪ್ರಾಣಿಗಳ ಮೀಟರ್‌ನಲ್ಲಿ ಬೆಳಗಿನ ಶುಗರ್ ಸುಮಾರು 120ರ ಒಳಗಿದ್ದರೆ ಚಿಂತೆಯಿಲ್ಲ. ಮನುಷ್ಯರ ಮೀಟರ್‌ನಲ್ಲಿ ನೂರರ ಒಳಗಿದ್ದರೆ ನನಗೆ ನೆಮ್ಮದಿ. ಗುಂಡ ಅಲ್ಲಿದ್ದಾನೆ. 120ರಿಂದ 180ರ ನಡುವೆ ಮತ್ತೆ ಮತ್ತೆ ಬರುತ್ತಿದ್ದರೆ ಬೀಟಾ ಕಣಗಳು ಕಷ್ಟಪಡುತ್ತಿವೆ ಅಂತ ತಿಳಿಯಿರಿ. ತಕ್ಷಣ ಇನ್ಸುಲಿನ್ ಬೇಡ. ಊಟ ನೋಡಿ, ತೂಕ ನೋಡಿ, ಬಾಯಿ ಹಲ್ಲು ನೋಡಿಸಿ, ಎರಡು ದಿನಕ್ಕೊಮ್ಮೆ ಶುಗರ್ ನೋಡಿ. ಶಾಂತವಾಗಿರುವ ಬೆಕ್ಕಿಗೆ, ಮನೆಯಲ್ಲೇ, ಬೇರೆ ಬೇರೆ ದಿನ 180 ದಾಟಿ ಬಂದರೆ ಡಾಕ್ಟರಿಗೆ ಫೋನ್ ಮಾಡಿ. ಆಗ ಕಾಯುತ್ತಾ ಕೂರಬೇಡಿ. ‘ಇನ್ನೊಂದು ತಿಂಗಳು ನೋಡೋಣ’ ಅಂದವರ ಬೆಕ್ಕೇ ಆಮೇಲೆ ಜಾಸ್ತಿ ಡೋಸ್ ಕೇಳುವುದು. ನಿಮ್ಮದು ಮನುಷ್ಯರ ಮೀಟರ್ ಆದ್ದರಿಂದ 150 ದಾಟಿದರೇ ಎಚ್ಚರ ಆಗಿ.

ಒಂದೇ ಒಂದು ರೀಡಿಂಗ್ ಏರಿದರೆ? ಕೈ ತೊಳೆದು, ಹೊಸ ಸ್ಟ್ರಿಪ್ ಹಾಕಿ, ಅರ್ಧ ಗಂಟೆ ಬಿಟ್ಟು ಇನ್ನೊಮ್ಮೆ ನೋಡಿ. ಕೈ ತೊಳೆಯಿರಿ ಅಂತ ಸುಮ್ನೆ ಹೇಳುತ್ತಿಲ್ಲ. ಮಂಡ್ಯದ ಅಡುಗೆಮನೆ ಅಂದರೆ ಬೆಲ್ಲ ಇಲ್ಲದೆ ಇರುತ್ತದಾ? ಬೆರಳಿಗೆ ಬೆಲ್ಲದ ಅಂಟು ಸ್ವಲ್ಪ ಇದ್ದು, ಅದೇ ಬೆರಳು ಕಿವಿಗೋ ಸ್ಟ್ರಿಪ್‌ಗೋ ತಾಗಿದರೆ ಸಾಕು. ಮೀಟರ್‌ಗೆ ಅದು ಬೆಕ್ಕಿನ ಸಕ್ಕರೆಯೋ ಆಲೆಮನೆಯ ಸಕ್ಕರೆಯೋ ಗೊತ್ತಾಗುವುದಿಲ್ಲ. ಸ್ಟ್ರಿಪ್ ಡಬ್ಬಿಯ ಮುಚ್ಚಳ ತೆಗೆದ ತಕ್ಷಣ ಮುಚ್ಚಿ. ಮಳೆಗಾಲದ ತೇವಕ್ಕೆ ಸ್ಟ್ರಿಪ್ ಕೆಡುತ್ತದೆ. ಎಕ್ಸ್‌ಪೈರಿ ದಿನಾಂಕವನ್ನೂ ನೋಡಿ. ತಿಂಗಳಿಗೊಂದು ಸ್ಟ್ರಿಪ್ ಬಳಸುವ ಹೊತ್ತಿಗೆ ಡಬ್ಬಿ ಮುಗಿಯುವ ಮೊದಲೇ ಅವಧಿ ಮುಗಿದಿರುತ್ತದೆ.

ಹಕ್ಕಳೆಗಟ್ಟಿದ ಕಿವಿಗೆ ಈಗ ಒಂದು ವಾರ ರಜೆ ಕೊಡಿ. ಆಮೇಲೆ ಎಡ, ಬಲ ಬದಲಾಯಿಸುತ್ತಾ ಹೋಗಿ. ಚುಚ್ಚುವ ರೀತಿಯನ್ನೂ ಸ್ವಲ್ಪ ಹೇಳುತ್ತೇನೆ, ಏಕೆಂದರೆ ಅಷ್ಟು ಗಾಯ ಆಗಿದೆ ಅಂದರೆ ಒಂದೇ ಹನಿಗೆ ಎರಡು ಮೂರು ಸಲ ಚುಚ್ಚುತ್ತಿದ್ದೀರಿ ಅಂತ ನನ್ನ ಊಹೆ. ಕಿವಿಯ ಹಿಂದೆ ಮೊಬೈಲ್ ಟಾರ್ಚ್ ಹಿಡಿದರೆ ಹೊರ ಅಂಚಿನ ಉದ್ದಕ್ಕೂ ಒಂದು ತೆಳುವಾದ ಗೆರೆ ಓಡುವುದು ಕಾಣುತ್ತದೆ. ಅದೇ ರಕ್ತನಾಳ. ನೀವು ಚುಚ್ಚಬೇಕಾದ್ದು ಆ ನಾಳಕ್ಕಲ್ಲ. ಆ ಗೆರೆಗೂ ಕಿವಿಯ ಅಂಚಿಗೂ ನಡುವಿನ ಸಣ್ಣ ಜಾಗಕ್ಕೆ. ಅಲ್ಲಿ ಸೂಕ್ಷ್ಮ ನಾಳಗಳ ಜಾಲವೇ ಇದೆ.

ಕಿವಿ ತಣ್ಣಗಿದ್ದರೆ ಎಷ್ಟು ಚುಚ್ಚಿದರೂ ಹನಿ ಬರಲ್ಲ. ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಸಣ್ಣ ಪ್ಲಾಸ್ಟಿಕ್ ಕವರ್‌ಗೆ ಹಾಕಿ, ನಿಮ್ಮ ಕೆನ್ನೆಗೆ ಒತ್ತಿ ಬಿಸಿ ಹಿತವಾಗಿದೆಯಾ ನೋಡಿ, ಆಮೇಲೆ ಅರ್ಧ ನಿಮಿಷ ಕಿವಿಗೆ ಹಿಡಿಯಿರಿ. ಒಣ ಬಟ್ಟೆಯಲ್ಲಿ ಒರೆಸಿ. ಕಿವಿಯ ಅಂಚಿಗೆ ತೆಳುವಾಗಿ ವ್ಯಾಸಲಿನ್ ಸವರಿ, ಕಂಡೂ ಕಾಣದಷ್ಟು. ಆಗ ರಕ್ತ ಕೂದಲಿಗೆ ಹರಡಿಕೊಳ್ಳದೆ ಮಣಿಯ ಹಾಗೆ ನಿಲ್ಲುತ್ತದೆ. ಕಿವಿಯ ಹಿಂಬದಿಗೆ ಮಡಿಸಿದ ಹತ್ತಿ ಇಟ್ಟುಕೊಳ್ಳಿ. ಇಲ್ಲದಿದ್ದರೆ ಸೂಜಿ ಆಚೆ ಬಂದು ನಿಮ್ಮ ಬೆರಳಿಗೇ ಚುಚ್ಚುತ್ತದೆ, ಬೆಕ್ಕಿನ ಬದಲು ನಿಮ್ಮ ಶುಗರ್ ಗೊತ್ತಾಗುತ್ತದೆ. ಸ್ಪಿರಿಟ್ ಹಚ್ಚಬೇಡಿ. ಉರಿಯುತ್ತದೆ, ವಾಸನೆಗೇ ಬೆಕ್ಕು ಓಡುತ್ತದೆ. ಸೂಜಿ ಹಾಕಿ ಚುಚ್ಚುವ ಪೆನ್ನಿನ ಟಕ್ ಅನ್ನುವ ಸದ್ದಿಗೆ ಬೆಚ್ಚುವ ಬೆಕ್ಕಿಗೆ ಸೂಜಿಯನ್ನು ಪೆನ್ನಿಲ್ಲದೆ ಕೈಯಲ್ಲೇ ಹಿಡಿದು ಚುಚ್ಚಿ. ಹನಿ ಬಂದ ಮೇಲೆ ಸ್ಟ್ರಿಪ್‌ನ ತುದಿಯನ್ನು ಹನಿಗೆ ತಾಗಿಸಿದರೆ ಸಾಕು, ತಾನೇ ಎಳೆದುಕೊಳ್ಳುತ್ತದೆ. ಮುಗಿದ ಮೇಲೆ ಹತ್ತಿಯಿಂದ ಅರ್ಧ ನಿಮಿಷ ಒತ್ತಿ ಹಿಡಿಯಿರಿ. ಹೆಚ್ಚಿನವರು ಬಿಡುವುದು ಇದನ್ನೇ. ಒತ್ತದೆ ಬಿಟ್ಟರೆ ಒಳಗೆ ರಕ್ತ ಹೆಪ್ಪುಗಟ್ಟಿ ಕಿವಿ ಕಪ್ಪಾಗುತ್ತದೆ, ನೋಯುತ್ತದೆ. ಮುಂದಿನ ಸಲ ಅದು ನಿಮ್ಮನ್ನು ನೋಡಿದರೇ ಮಂಚದ ಕೆಳಗೆ ಸೇರುತ್ತದೆ. ಕೊನೆಗೆ ಒಂದು ತುಂಡು ಬೇಯಿಸಿದ ಕೋಳಿ, ಪ್ರತೀ ಸಲ. ಎರಡು ಸಲ ಪ್ರಯತ್ನಿಸಿಯೂ ಹನಿ ಬರದಿದ್ದರೆ ಅವತ್ತಿಗೆ ಬಿಟ್ಟುಬಿಡಿ. ನಾಳೆ ನೋಡಿದರೆ ಏನೂ ಮುಳುಗುವುದಿಲ್ಲ.

ಮನುಷ್ಯರ ತೋಳಿಗೆ ಅಂಟಿಸಿ, ಚುಚ್ಚದೆಯೇ ಶುಗರ್ ನೋಡುತ್ತಿರುವ ಲಿಬ್ರೆ ಸೆನ್ಸರ್ ಬೆಕ್ಕಿಗೂ ಹಾಕಬಹುದು. ಮನುಷ್ಯರಲ್ಲಿ ಹದಿನಾಲ್ಕು ದಿನ ಇರುವುದು ಬೆಕ್ಕಿನಲ್ಲಿ ಹಲವು ಸಲ ಅದಕ್ಕೂ ಮೊದಲೇ ಕಳಚುತ್ತದೆ. ಇನ್ಸುಲಿನ್ ನಿಲ್ಲಿಸಬೇಕೋ ಬೇಡವೋ ಅನ್ನುವ ಹೊತ್ತಿನಲ್ಲಿ ಅದು ಬಹಳ ಉಪಯೋಗ. ನಿಮಗೆ ಈಗ ಆ ಖರ್ಚು ಬೇಡ.

ಚುಚ್ಚುವ ದಿನಗಳ ನಡುವೆ ಏನು ಮಾಡಬೇಕು ಅನ್ನುವುದು ನನ್ನ ಪ್ರಕಾರ ಶುಗರ್ ರೀಡಿಂಗ್‌ನಷ್ಟೇ ಮುಖ್ಯ. ಗುಂಡನ ನೀರಿನ ಬಟ್ಟಲಿಗೆ ಬೆಳಗ್ಗೆ ಅಳೆದು ನೀರು ಹಾಕಿ, ಮಾರನೇ ಬೆಳಗ್ಗೆ ಉಳಿದದ್ದನ್ನು ಅಳೆಯಿರಿ. ವಾರದಲ್ಲಿ ಒಂದು ದಿನ ಸಾಕು. ಆರೋಗ್ಯವಾಗಿರುವ ಬೆಕ್ಕು ದಿನಕ್ಕೆ ಕಿಲೋ ತೂಕಕ್ಕೆ ಐವತ್ತು ಅರವತ್ತು ಮಿಲಿಗಿಂತ ಹೆಚ್ಚು ಕುಡಿಯುವುದಿಲ್ಲ. ಒದ್ದೆ ಊಟ ತಿನ್ನುವ ಬೆಕ್ಕು ಅದಕ್ಕಿಂತ ತುಂಬಾ ಕಡಿಮೆ ಕುಡಿಯುತ್ತದೆ. ಕಿಲೋಗೆ ನೂರು ಮಿಲಿ ದಾಟಿದರೆ ಯಾವುದೋ ಕಾಯಿಲೆ ಇದೆ ಅಂತಲೇ ಲೆಕ್ಕ. ಬಚ್ಚಲಿನ ಬಕೆಟ್, ಹಿತ್ತಲಿನ ತೊಟ್ಟಿ ಅವತ್ತು ಮುಚ್ಚಿರಲಿ. ಇಲ್ಲದಿದ್ದರೆ ಅಳತೆ ಹಾಳು.

ತೂಕವನ್ನು ಹದಿನೈದು ದಿನಕ್ಕೊಮ್ಮೆ ನೋಡಿ. ಬೆಕ್ಕನ್ನು ಎತ್ತಿಕೊಂಡು ನೀವೇ ತೂಕದ ಯಂತ್ರದ ಮೇಲೆ ನಿಂತರೆ ನೂರಿನ್ನೂರು ಗ್ರಾಂ ವ್ಯತ್ಯಾಸ ಸರಿಯಾಗಿ ಕಾಣುವುದಿಲ್ಲ. ಸೂಟ್‌ಕೇಸ್ ತೂಗಲು ಬರುವ ಕೊಕ್ಕೆಯ ಡಿಜಿಟಲ್ ತಕ್ಕಡಿಗೆ ಗಟ್ಟಿಯಾದ ಬಟ್ಟೆ ಚೀಲ ನೇತುಹಾಕಿ, ಅದರಲ್ಲಿ ಗುಂಡನನ್ನು ಕೂರಿಸಿ ತೂಗಿ. ಚೆನ್ನಾಗಿ ತಿನ್ನುತ್ತಾ ತೂಕ ಇಳಿದರೆ ಅನುಮಾನಪಡಿ. ಏರಿದರೂ ಅನುಮಾನಪಡಿ. ದಪ್ಪಗಾದಷ್ಟೂ ಕಾಯಿಲೆ ಹತ್ತಿರ. ಹಾಗೇ ನಡಿಗೆ ಗಮನಿಸಿ. ಹಿಂಗಾಲಿನ ಹಿಮ್ಮಡಿ ನೆಲಕ್ಕೆ ತಾಗಿಸಿಕೊಂಡು ಚಪ್ಪಟೆಯಾಗಿ ನಡೆಯುತ್ತಿದ್ದರೆ ಶುಗರ್ ನರಗಳಿಗೆ ಪೆಟ್ಟು ಕೊಟ್ಟಿದೆ ಅಂತ ಅರ್ಥ.

ಲಿಟರ್ ಟ್ರೇ ಬಳಸುವವರಿಗೆ ಉಂಡೆಗಳು ದೊಡ್ಡದಾಗುವುದು ಬೇಗ ಗೊತ್ತಾಗುತ್ತದೆ. ಹಿತ್ತಲಿಗೆ ಹೋಗುವ ಬೆಕ್ಕಾದರೆ ಕಷ್ಟ. ನಮ್ಮ ಕಡೆ ಉಚ್ಚೆಗೆ ಇರುವೆ ಮುತ್ತಿದರೆ ಸಕ್ಕರೆ ಕಾಯಿಲೆ ಅಂತಾರೆ. ಸುಳ್ಳಲ್ಲ. ಆದರೆ ಬೆಕ್ಕಿನ ರಕ್ತದಲ್ಲಿ ಶುಗರ್ ಸುಮಾರು 250 ದಾಟಿದ ಮೇಲೆಯೇ ಅದು ಉಚ್ಚೆಗೆ ಸೋರುವುದು. ಇರುವೆ ಬರುವ ಹೊತ್ತಿಗೆ ಕಾಯಿಲೆ ಮನೆಯೊಳಗೆ ಬಂದು ಕೂತಿರುತ್ತದೆ. ಮೆಡಿಕಲ್ ಶಾಪಿನ ಯೂರಿನ್ ಸ್ಟ್ರಿಪ್‌ಗೂ ಇದೇ ಮಿತಿ. ಸ್ಟ್ರಿಪ್‌ನಲ್ಲಿ ಸಕ್ಕರೆ ಇಲ್ಲ ಅಂದರೆ ಶುಗರ್ ನಾರ್ಮಲ್ ಅಂತಲ್ಲ, 250ರ ಕೆಳಗಿದೆ ಅಂತ ಅಷ್ಟೇ. ಕಿವಿ ಮುಟ್ಟಲೂ ಬಿಡದ ಬೆಕ್ಕಿದ್ದವರಿಗೆ ಏನೂ ಇಲ್ಲದ್ದಕ್ಕಿಂತ ಅದು ವಾಸಿ.

ಊಟದ ಬಗ್ಗೆ ನೀವು ಕೇಳಿಲ್ಲ, ಆದರೆ ರಿಮಿಷನ್ ನಿಂತಿರುವುದೇ ಅದರ ಮೇಲೆ. ಬೆಕ್ಕು ಮಾಂಸಾಹಾರಿ. ಶುಗರ್ ಇದ್ದ ಬೆಕ್ಕಿನ ಊಟದ ಶಕ್ತಿಯಲ್ಲಿ ಪಿಷ್ಟದ ಪಾಲು ಶೇ 12 ದಾಟಬಾರದು. ಮಾಮೂಲಿ ಒಣ ಬೆಕ್ಕಿನ ಆಹಾರದಲ್ಲಿ ಅದು ಎಷ್ಟೋ ಪಟ್ಟು ಇರುತ್ತದೆ. ಹಾಲು ಅನ್ನ, ಮೊಸರನ್ನದ ಮಾತೇ ಬೇಡ. ಮೈಸೂರಿನ ಎಷ್ಟೋ ಸಸ್ಯಾಹಾರಿ ಮನೆಗಳ ಬೆಕ್ಕುಗಳು ಅದರಲ್ಲೇ ಬೆಳೆಯುತ್ತವೆ. ಪ್ರೀತಿಗೆ ಕೊರತೆ ಇಲ್ಲ, ಪ್ರೋಟೀನ್‌ಗೆ ಕೊರತೆ. ಕವರ್‌ನಲ್ಲಿ, ಡಬ್ಬಿಯಲ್ಲಿ ಬರುವ ಒದ್ದೆ ಊಟ, ಗ್ರೇವಿ ಕಡಿಮೆ ಇರುವುದು, ಒಳ್ಳೆಯದು. ಬರೀ ಬೇಯಿಸಿದ ಕೋಳಿಯನ್ನೇ ದಿನಾ ಹಾಕಿದರೆ ಶುಗರ್ ಚೆನ್ನಾಗಿರುತ್ತದೆ, ಆದರೆ ಕ್ಯಾಲ್ಸಿಯಂ, ಬೆಕ್ಕಿಗೆ ಬೇಕೇ ಬೇಕಾದ ಟಾರಿನ್ ಅನ್ನುವ ಪೋಷಕಾಂಶ ಕಡಿಮೆಯಾಗುತ್ತದೆ. ಕೋಳಿಗೆ ಈರುಳ್ಳಿ, ಬೆಳ್ಳುಳ್ಳಿ ಹಾಕಬೇಡಿ, ಎರಡೂ ಬೆಕ್ಕಿನ ರಕ್ತಕ್ಕೆ ವಿಷ. ಬೆಕ್ಕಿಗೆ ಸಿಹಿಯ ರುಚಿಯೇ ಗೊತ್ತಾಗುವುದಿಲ್ಲ, ಆ ರುಚಿ ಹಿಡಿಯುವ ಜೀನ್ ಅದರಲ್ಲಿ ಕೆಟ್ಟಿದೆ. ಹಾಗಾದರೆ ಮೈಸೂರ್ ಪಾಕ್ ಯಾಕೆ ನೆಕ್ಕುತ್ತದೆ ಅಂತೀರಾ? ತುಪ್ಪಕ್ಕೆ.

ಇನ್ನು ಸ್ಟೀರಾಯ್ಡ್. ಚೆನ್ನಾಗಿದ್ದ ರಿಮಿಷನ್ ಮುರಿದು ಬೀಳಲು ಇದೊಂದು ದೊಡ್ಡ ಕಾರಣ. ಬೆಕ್ಕಿಗೆ ಕೆರೆತ ಬರುತ್ತದೆ, ಬಾಯಿ ಹುಣ್ಣಾಗುತ್ತದೆ. ಯಾರೋ ಒಂದು ಇಂಜೆಕ್ಷನ್ ಕೊಡುತ್ತಾರೆ, ಮೂರು ದಿನದಲ್ಲಿ ಕೆರೆತ ಮಾಯ, ಎಲ್ಲರಿಗೂ ಖುಷಿ. ಅದು ವಾರಗಟ್ಟಲೆ ಮೈಯಲ್ಲಿ ಉಳಿಯುವ ಸ್ಟೀರಾಯ್ಡ್ ಆಗಿದ್ದರೆ ಶುಗರ್ ಮತ್ತೆ ಏರುತ್ತದೆ, ಹಾಕಿದ್ದನ್ನು ವಾಪಸ್ ತೆಗೆಯಲೂ ಆಗಲ್ಲ. ಹಾಗಾಗಿ ಗುಂಡನ ಫೈಲಿನ ಮೊದಲ ಪುಟದಲ್ಲಿ ದೊಡ್ಡದಾಗಿ ಬರೆಸಿ: ಸಕ್ಕರೆ ಕಾಯಿಲೆ ಇತ್ತು, ಸ್ಟೀರಾಯ್ಡ್ ಕೊಡುವ ಮುಂಚೆ ಕೇಳಿ. ಹೊಸ ಡಾಕ್ಟರ ಹತ್ತಿರ ಹೋದಾಗ ಬಾಯಲ್ಲೂ ಹೇಳಿ. ಕೆಲವು ಸಲ ಕೊಡದೆ ವಿಧಿಯಿಲ್ಲ, ಆಗ ವಾರಕ್ಕೆ ಎರಡು ಮೂರು ಸಲ ಶುಗರ್ ನೋಡಿಕೊಳ್ಳಿ. ಹಲ್ಲಿನ ಕೀವು, ಮೂತ್ರದ ಸೋಂಕು, ಪ್ಯಾಂಕ್ರಿಯಾಸ್ ಊತ ಇವೂ ಶುಗರ್ ಏರಿಸುತ್ತವೆ. ಆರು ತಿಂಗಳಿಗೊಮ್ಮೆ ಬಾಯಿ, ಕಿಡ್ನಿ, ಥೈರಾಯ್ಡ್ ನೋಡಿಸುವುದು ವಯಸ್ಸಾದ ಬೆಕ್ಕಿಗೆ ಹೇಗೂ ಒಳ್ಳೆಯದು.

ಒಂದು ಪರಿಸ್ಥಿತಿಯಲ್ಲಿ ಮಾತ್ರ ‘ನಾಳೆ ನೋಡೋಣ’ ಬೇಡ. ಊಟ ಬಿಟ್ಟಿದೆ, ವಾಂತಿ ಮಾಡುತ್ತಿದೆ, ಮಂಕಾಗಿ ಮೂಲೆಯಲ್ಲಿ ಮಲಗಿದೆ, ಜೊತೆಗೆ ಶುಗರ್ 250, 300ರ ಮೇಲಿದೆ ಅಂದರೆ ಕೊಬ್ಬು ಕರಗಿ ಬರುವ ಕೀಟೋನ್ ಅನ್ನುವ ಆಮ್ಲ ರಕ್ತದಲ್ಲಿ ಸೇರಿಕೊಂಡಿರಬಹುದು. ಅದು ಜೀವಕ್ಕೆ ಅಪಾಯ. ಗ್ಲೂಕೋಸ್, ಕೀಟೋನ್ ಎರಡನ್ನೂ ತೋರಿಸುವ ಯೂರಿನ್ ಸ್ಟ್ರಿಪ್ ಮನೆಯಲ್ಲಿ ಇದ್ದರೆ ನೋಡಿ. ಇಲ್ಲದಿದ್ದರೆ ನೋಡುವುದಕ್ಕೂ ಕಾಯದೆ ಹೊರಡಿ, ರಾತ್ರಿಯಾದರೂ ಸರಿ. ಮಾವನವರ ಶುಗರ್ ಮಾತ್ರೆ ಒಂದು ಚೂರು ಕೊಟ್ಟು ನೋಡೋಣ ಅಂತ ಮಾತ್ರ ಮಾಡಬೇಡಿ.

ಫ್ರಿಜ್‌ನಲ್ಲಿ ಉಳಿದಿರುವ ಇನ್ಸುಲಿನ್ ಬಗ್ಗೆಯೂ ಹೇಳಿಬಿಡುತ್ತೇನೆ. ಮುಂದೆ ಶುಗರ್ ನಿಜಕ್ಕೂ ಏರಿ, ಇನ್ಸುಲಿನ್ ಬೇಕು ಅಂತ ಡಾಕ್ಟರು ಹೇಳಿದರೂ ನೀವಾಗಿ ಹಳೆಯ ಡೋಸ್ ಕೊಡಬೇಡಿ. ಕಾಯಿಲೆ ಜೋರಾಗಿದ್ದಾಗಿನ ಡೋಸ್ ಅದು. ಈಗ ಅವನ ಪ್ಯಾಂಕ್ರಿಯಾಸ್ ಸ್ವಲ್ಪವಾದರೂ ದುಡಿಯುತ್ತಿದೆ. ಅದರ ಮೇಲೆ ಹಳೆ ಡೋಸ್ ಬಿದ್ದರೆ ಶುಗರ್ ಕುಸಿದು ಫಿಟ್ಸ್ ಬರಬಹುದು. ಮತ್ತೆ ಶುರು ಮಾಡುವುದು ಕಡಿಮೆ ಡೋಸಿನಿಂದಲೇ. ಐದು ವಾರದಿಂದ ತೆರೆದಿಟ್ಟಿರುವ ಇನ್ಸುಲಿನ್ ಎಸೆಯಿರಿ, ಸೀಲ್ ಒಡೆಯದ್ದು ಇದ್ದರೆ ಎಕ್ಸ್‌ಪೈರಿ ತನಕ ಫ್ರಿಜ್‌ನ ಬಾಗಿಲಲ್ಲಿ ಇರಲಿ, ಫ್ರೀಜರ್ ಹತ್ತಿರ ಬೇಡ. ಸಿರಿಂಜ್ ವಿಷಯದಲ್ಲೂ ಜೋಪಾನ. ನಮ್ಮ ಮೆಡಿಕಲ್ ಶಾಪುಗಳಲ್ಲಿ ಮಿಲಿಗೆ 40 ಯೂನಿಟ್‌ನ ಇನ್ಸುಲಿನ್‌ಗೆ ಕೆಂಪು ಮುಚ್ಚಳದ ಸಿರಿಂಜ್, 100 ಯೂನಿಟ್‌ನದಕ್ಕೆ ಕಿತ್ತಳೆ ಮುಚ್ಚಳದ್ದು, ಎರಡೂ ಸಿಗುತ್ತವೆ. ಗ್ಲಾರ್ಜಿನ್ 100 ಯೂನಿಟ್‌ನದು. ಅದನ್ನು ಕೆಂಪು ಮುಚ್ಚಳದ ಸಿರಿಂಜ್‌ನಲ್ಲಿ ಎಳೆದರೆ ಎರಡೂವರೆ ಪಟ್ಟು ಜಾಸ್ತಿ ಹೋಗುತ್ತದೆ. ಮಾವನವರೂ ಇನ್ಸುಲಿನ್ ತೆಗೆದುಕೊಳ್ಳುವವರಾದರೆ ಇಬ್ಬರ ಸಿರಿಂಜ್ ಒಂದೇ ಡಬ್ಬದಲ್ಲಿ ಇಡಬೇಡಿ.